ಸಭಾಂಗಣದೊಳಗೊಂದು ಓದುಕಟ್ಟೆ: ಆಂತೊನೆಲ್ಲೊನ ಚಿತ್ರ ಮತ್ತು ವಿದ್ವಾಂಸನ ಕೋಣೆಯ ಚರಿತ್ರೆ

ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಈ ಚಿತ್ರದ ಎತ್ತರ ಸುಮಾರು 46 ಸೆಂಟಿಮೀಟರು, ಅಗಲ 36 ಸೆಂಟಿಮೀಟರು. ನಮ್ಮ ಮನೆಗಳ ಚಾವಡಿಯಲ್ಲಿ ತೂಗುವ ದೇವರ ಪಟಗಳಿಗಿಂತ ದೊಡ್ಡದೇನಲ್ಲ. ಮರದ ಹಲಗೆಯ ಮೇಲೆ ತೈಲವರ್ಣದಲ್ಲಿ ಇದನ್ನು ಬರೆದವನು ಸಿಸಿಲಿ ದ್ವೀಪದ ಮೆಸ್ಸಿನಾ ನಗರದ ಆಂತೊನೆಲ್ಲೊ. ಬರೆದದ್ದು 1475ರ ಸುಮಾರಿಗೆ. ಚಿತ್ರದ ಹೆಸರು ‘ಅಧ್ಯಯನ ಕೋಣೆಯಲ್ಲಿ ಸಂತ ಜೆರೋಮ್’. ಎರಡು ವರ್ಷಗಳ ಹಿಂದೆ ನಮ್ಮ ಸಂಘದ ಕಟ್ಟಡದಲ್ಲಿ ಒಂದು ವಾಚನಾಲಯ ಬೇಕೆಂಬ ವಿಚಾರ ಬಂದಾಗ, ಸದಸ್ಯರೊಬ್ಬರ ಮಗಳು, ವಾಸ್ತುಶಿಲ್ಪದ ವಿದ್ಯಾರ್ಥಿನಿ, ಈ ಚಿತ್ರದ ಪ್ರತಿಯೊಂದನ್ನು ತಂದು ಕಾರ್ಯಕಾರಿ ಸಮಿತಿಯ ಮೇಜಿನ ಮೇಲೆ ಇಟ್ಟಳು. ಇಂಥದ್ದನ್ನು ಕಟ್ಟೋಣ ಎಂದಳು. ಸಮಿತಿಯಲ್ಲಿದ್ದ ನಾವೆಲ್ಲರೂ ಮೊದಲು ನೋಡಿದ್ದು ಸಿಂಹವನ್ನು.

ಕಾಸರಗೋಡಿನ ಸಂಘವೊಂದು ವಾಚನಾಲಯ ಕಟ್ಟಲು ಇಟಲಿಯ ಚಿತ್ರವೊಂದರ ಮುಂದೆ ಕೂರಬೇಕೆ ಎಂಬ ಪ್ರಶ್ನೆ ಅಂದೇ ಬಂತು. ಕ್ರೈಸ್ತ ಸಂತನ ಚಿತ್ರವೇಕೆ ಎಂದವರೂ ಇದ್ದರು. ಮಂಜೇಶ್ವರದಲ್ಲಿ ಕುಳಿತು ಯೇಸುವಿನ ಕಡೆಯ ದಿನವನ್ನು ‘ಗೊಲ್ಗೊಥಾ’ ಎಂಬ ಕಾವ್ಯವಾಗಿಸಿದ ಗೋವಿಂದ ಪೈಗಳ ಸೀಮೆಯವರು ನಾವು. ಆ ಆಕ್ಷೇಪ ಬಹಳ ಹೊತ್ತು ನಿಲ್ಲಲಿಲ್ಲ. ಆದರೆ ಚಿತ್ರದ ಹಿಂದಿನ ಕಥೆಯನ್ನು ತಿಳಿಯದೆ ಬಡಗಿಯನ್ನು ಕರೆಯುವುದು ಬೇಡವೆಂದು ಎಲ್ಲರೂ ಒಪ್ಪಿದರು. ಆ ಓದಿನ ಫಲ ಈ ಲೇಖನ.

ಚಿತ್ರದೊಳಗೆ ಏನೇನಿದೆಯೆಂದು ಮೊದಲು ಹೇಳಬೇಕು. ನೋಡುವವನು ಒಂದು ಕಲ್ಲುಕಮಾನಿನ ಹೊರಗೆ ನಿಂತಿದ್ದಾನೆ. ಕಮಾನಿನ ಹೊಸ್ತಿಲ ಮೇಲೆ ಒಂದು ಗೌಜಲಹಕ್ಕಿ, ಒಂದು ನವಿಲು, ಒಂದು ಹಿತ್ತಾಳೆಯ ಬೋಗುಣಿ. ಒಳಗೆ ಎತ್ತರದ ಚಾವಣಿಯ, ಕಂಬಸಾಲಿನ ವಿಶಾಲ ಕಲ್ಲುಮಂಟಪ. ಚರ್ಚೋ ಅರಮನೆಯೋ ಹೇಳಲಾಗದು. ನೆಲಕ್ಕೆ ಬಣ್ಣದ ಹಾಸು. ಆ ವಿಶಾಲದ ನಡುವೆ ಮೂರು ಮೆಟ್ಟಿಲೇರಿ ಹತ್ತಬೇಕಾದ ಒಂದು ಮರದ ಕಟ್ಟೆ. ಕಟ್ಟೆಯ ಮೇಲೆ ಮರದ್ದೇ ಗೂಡುಗಳು, ಗೂಡುಗಳಲ್ಲಿ ಪುಸ್ತಕ, ಭರಣಿ, ಪೆಟ್ಟಿಗೆ. ಓರೆಯಾದ ಓದುಮೇಜಿನ ಮುಂದೆ ಕೆಂಪು ನಿಲುವಂಗಿಯ ಜೆರೋಮ್ ಪಕ್ಕಕ್ಕೆ ಮುಖಮಾಡಿ ಕುಳಿತು ಪುಟ ತಿರುವುತ್ತಿದ್ದಾನೆ. ಕಟ್ಟೆಯ ಅಂಚಿನಲ್ಲಿ ಕುಂಡದ ಗಿಡಗಳು, ಎಡಕ್ಕೆ ಒಂದು ಬೆಕ್ಕು. ಬಲಗಡೆಯ ಕಂಬಗಳ ನೆರಳಿನಲ್ಲಿ ಸಿಂಹ ನಡೆದು ಬರುತ್ತಿದೆ. ಹಿಂದಿನ ಕಿಟಕಿಗಳಾಚೆ ನದಿ, ಊರು, ಬೆಟ್ಟ. ಪಾದರಕ್ಷೆಗಳನ್ನು ಸಂತ ಮೆಟ್ಟಿಲ ಬಳಿ ಕಳಚಿಟ್ಟಿದ್ದಾನೆ. ಓದುವ ಸ್ಥಳಕ್ಕೆ ಚಪ್ಪಲಿ ಬಿಟ್ಟು ಹೋಗಬೇಕೆಂಬುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲವಾದ್ದರಿಂದ, ಸಮಿತಿಯ ಹಿರಿಯರ ಮನಸ್ಸು ಈ ಒಂದು ವಿವರಕ್ಕೇ ಕರಗಿತು.

ಈ ಜೆರೋಮ್ ಯಾರು? ಕ್ರಿ.ಶ. ನಾಲ್ಕನೆಯ ಶತಮಾನದ ಮಧ್ಯದಲ್ಲಿ ಹುಟ್ಟಿ 420ರಲ್ಲಿ ಬೆತ್ಲೆಹೇಮಿನಲ್ಲಿ ತೀರಿಕೊಂಡ ಪಂಡಿತ. ಹೀಬ್ರೂ ಮತ್ತು ಗ್ರೀಕ್ ಮೂಲಗಳಿಂದ ಬೈಬಲನ್ನು ಲ್ಯಾಟಿನ್ನಿಗೆ ತಂದವನು. ಪೋಪ್ ದಮಾಸಸ್ 382ರ ಹೊತ್ತಿಗೆ ಸುವಾರ್ತೆಗಳ ಹಳೆಯ ಲ್ಯಾಟಿನ್ ಪಾಠವನ್ನು ಪರಿಷ್ಕರಿಸುವ ಕೆಲಸವನ್ನು ಅವನಿಗೆ ಒಪ್ಪಿಸಿದ. ಅವನು ತೀರಿಕೊಂಡ ಸೆಪ್ಟೆಂಬರ್ 30 ಇಂದು ಅಂತರರಾಷ್ಟ್ರೀಯ ಅನುವಾದ ದಿನ. ಅಂದರೆ ಆಂತೊನೆಲ್ಲೊ ಬರೆದದ್ದು ಅನುವಾದಕನೊಬ್ಬನ ಕೋಣೆಯನ್ನು. ಮನೆಯಲ್ಲಿ ತುಳು ಅಥವಾ ಕೊಂಕಣಿ, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ ಎಂದು ದಿನಕ್ಕೆ ಹತ್ತು ಬಾರಿ ಮಾತು ಬದಲಿಸುವ ನಮಗೆ ಈ ಸಂತ ಅಪರಿಚಿತನಂತೆ ಕಾಣಲಿಲ್ಲ.

ಅನುವಾದಕನ ಬದುಕು ಚಿತ್ರದಲ್ಲಿರುವಷ್ಟು ಪ್ರಶಾಂತವಾಗಿರಲಿಲ್ಲ. ಬೈಬಲಿನ ಯೋನನ ಕಥೆಯಲ್ಲಿ ಪ್ರವಾದಿಗೆ ನೆರಳು ಕೊಡುವ ಒಂದು ಗಿಡ ಬರುತ್ತದೆ. ಹಳೆಯ ಲ್ಯಾಟಿನ್ ಪಾಠ ಅದನ್ನು ಸೋರೆ ಎಂದಿತ್ತು. ಜೆರೋಮ್ ಅದನ್ನು ಐವಿ ಎಂಬ ಬಳ್ಳಿಯಾಗಿ ಬದಲಿಸಿದ. ಉತ್ತರ ಆಫ್ರಿಕಾದ ಓಯಾ ಎಂಬ ಊರಿನ ಚರ್ಚಿನಲ್ಲಿ ಹೊಸ ಪಾಠವನ್ನು ಓದಿದಾಗ ಭಕ್ತರು ದೊಂಬಿಯೆಬ್ಬಿಸಿದರು. ಅಲ್ಲಿಯ ಬಿಷಪ್ ತನ್ನ ಸಭೆಯನ್ನೇ ಕಳೆದುಕೊಳ್ಳುವ ಸ್ಥಿತಿಗೆ ಬಂದ. ಸಂತ ಅಗಸ್ಟೀನ್ ಈ ಸಂಗತಿಯನ್ನು ಪತ್ರದಲ್ಲಿ ಬರೆದು ಜೆರೋಮನನ್ನು ಪ್ರಶ್ನಿಸಿದ. ಮೂಲದಲ್ಲಿದ್ದದ್ದು ಸೋರೆಯೂ ಅಲ್ಲ, ಐವಿಯೂ ಅಲ್ಲ, ಬಹುಶಃ ಔಡಲ ಎಂಬುದು ಇಂದಿನ ಹೆಚ್ಚಿನ ವಿದ್ವಾಂಸರ ಮತ. ಒಂದು ಗಿಡದ ಹೆಸರಿಗೆ ಊರು ಹೊತ್ತಿಕೊಂಡಿತು. ನಾಮಫಲಕದ ಮೇಲೆ ಯಾವ ಭಾಷೆ ಮೊದಲು ಎಂಬ ಜಗಳಗಳನ್ನು ಕಂಡ ಗಡಿನಾಡಿನವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

ಚರಿತ್ರೆಯ ದೃಷ್ಟಿಯಿಂದ ಈ ಚಿತ್ರದಲ್ಲಿ ಸುಳ್ಳುಗಳೂ ಇವೆ. ಜೆರೋಮನ ಕಾಲದಲ್ಲಿ ಕೆಂಪು ನಿಲುವಂಗಿಯ ಕಾರ್ಡಿನಲ್ಲುಗಳು ಇರಲಿಲ್ಲ. ಮುಳ್ಳು ಚುಚ್ಚಿದ ಪಂಜದ ಸಿಂಹದ ಕಥೆ ಗೆರಾಸಿಮಸ್ ಎಂಬ ಬೇರೊಬ್ಬ ಸಂತನದು. ಹೆಸರುಗಳ ಹೋಲಿಕೆಯಿಂದ ಜೆರೋಮನ ಬೆನ್ನು ಹತ್ತಿತು. ನಮ್ಮನ್ನು ಹೆಚ್ಚು ಕಾಡಿದ್ದು ಮೂರನೆಯ ಸುಳ್ಳು. ಬೆತ್ಲೆಹೇಮಿನಲ್ಲಿ ಜೆರೋಮ್ ಒಂಟಿಯಾಗಿರಲಿಲ್ಲ. ಪೌಲಾ ಎಂಬ ಶ್ರೀಮಂತ ರೋಮನ್ ವಿಧವೆ ತನ್ನ ಹಣದಿಂದ ಅಲ್ಲಿ ಮಠಗಳನ್ನು ಕಟ್ಟಿಸಿದಳು; ಅವಳೂ ಅವಳ ಮಗಳು ಯುಸ್ಟೋಕಿಯಮಳೂ ಹೀಬ್ರೂ ಕಲಿತು ಅವನ ಓದಿನಲ್ಲಿ ಜೊತೆಯಾದರು. ಅವನು ಲಿಪಿಕಾರರಿಗೆ ಹೇಳಿ ಬರೆಸುತ್ತಿದ್ದ. ಆ ಜನರಾರೂ ಆಂತೊನೆಲ್ಲೊನ ಕಟ್ಟೆಯ ಮೇಲೆ ಇಲ್ಲ. ಬೆಕ್ಕಿಗೆ ಜಾಗವಿದೆ, ಪೌಲಾಳಿಗೆ ಇಲ್ಲ. ವಿದ್ವಾಂಸನೆಂದರೆ ಏಕಾಕಿ ಎಂಬ ಕಲ್ಪನೆ ಹದಿನೈದನೆಯ ಶತಮಾನದ ಇಟಲಿಗೆ ಬೇಕಾಗಿತ್ತು, ಆದ್ದರಿಂದ ಜೆರೋಮ್ ಏಕಾಕಿಯಾದ.

ಆ ಕಾಲದ ಇಟಲಿಯಲ್ಲಿ ‘ಸ್ತೂದಿಯೋಲೊ’ ಎಂಬ ಚಿಕ್ಕ ಕೋಣೆ ಅನುಕೂಲಸ್ಥರ ಮನೆಗಳಲ್ಲಿ ಹುಟ್ಟಿಕೊಂಡಿತು: ಪುಸ್ತಕ, ಪತ್ರ, ನಾಣ್ಯ, ವಾದ್ಯಗಳನ್ನು ಇಟ್ಟು ಒಬ್ಬನೇ ಕೂರುವ ಸ್ಥಳ. ಅವುಗಳಲ್ಲಿ ಪ್ರಸಿದ್ಧವಾದದ್ದು ಉರ್ಬಿನೋದ ದೊರೆ ಫೆದೆರಿಗೊ ದ ಮೊಂತೆಫೆಲ್ತ್ರೊನದು. ಫೆದೆರಿಗೊ ಕೂಲಿಗೆ ಯುದ್ಧ ಮಾಡುತ್ತಿದ್ದ ಸೇನಾನಿ. ಗಳಿಸಿದ್ದನ್ನು ಗ್ರಂಥಗಳಿಗೆ ಸುರಿದವನು. ಅವನ ಅರಮನೆಯ ಸ್ತೂದಿಯೋಲೊ 1476ರಲ್ಲಿ ಮುಗಿಯಿತು. ಅದು ಒಂದು ಬದಿಗೆ ಸುಮಾರು 12 ಅಡಿ ಮಾತ್ರ. ಗೋಡೆಯ ಕೆಳಭಾಗವೆಲ್ಲ ಬೇರೆ ಬೇರೆ ಬಣ್ಣದ ಮರದ ಚೂರುಗಳನ್ನು ಕೂರಿಸಿ ಮಾಡಿದ ಚಿತ್ರ. ಮೈಸೂರಿನ ಬೀಟೆಮರದ ಜೋಡಣೆಯ ಕೆಲಸವನ್ನು ಕಂಡವರಿಗೆ ಅದರ ಶ್ರಮ ಗೊತ್ತು. ಅರೆತೆರೆದ ಕಪಾಟುಗಳು, ಒಳಗೆ ವಾಲಿಕೊಂಡ ಪುಸ್ತಕಗಳು, ವೀಣೆಯ ಜಾತಿಯ ವಾದ್ಯಗಳು, ಕಳಚಿಟ್ಟ ಕವಚ, ಹಣ್ಣಿನ ಬುಟ್ಟಿಯ ಬಳಿ ಒಂದು ಅಳಿಲು: ಎಲ್ಲವೂ ಸಪಾಟಾದ ಹಲಗೆ, ಮುಟ್ಟಿದರೆ ಏನೂ ಇಲ್ಲ. ಮೇಲ್ಭಾಗದಲ್ಲಿ 28 ಮಹನೀಯರ ಭಾವಚಿತ್ರಗಳಿದ್ದವು. ಪ್ಲೇಟೋ, ಅರಿಸ್ಟಾಟಲ್, ಹೋಮರ್ ಜೊತೆಗೆ ನಮ್ಮ ಜೆರೋಮನೂ ಅಲ್ಲಿದ್ದ. ಅವುಗಳಲ್ಲಿ 14 ಇಂದು ಉರ್ಬಿನೋದಲ್ಲಿ, ಉಳಿದ 14 ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿ. ಅದೇ ದೊರೆಗೆ ಗುಬ್ಬಿಯೋ ಎಂಬ ಊರಿನಲ್ಲಿದ್ದ ಇನ್ನೊಂದು ಸ್ತೂದಿಯೋಲೊದ ಮರಗೆಲಸವನ್ನು ಗೋಡೆಯಿಂದ ಕಳಚಿ ಮಾರಲಾಯಿತು. ಕೈಯಿಂದ ಕೈಗೆ ದಾಟಿ 1939ರಲ್ಲಿ ಅದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯಕ್ಕೆ ಸೇರಿತು. ಮೂಲ ಕೋಣೆ ಬರಿದಾಗಿ ಉಳಿದ ಗುಬ್ಬಿಯೋದ ಮಂದಿ ತಮ್ಮ ಬಡಗಿಗಳ ಕೈಯಲ್ಲಿ ಅದರ ಪ್ರತಿಯನ್ನು ಮಾಡಿಸಿ ಅರಮನೆಯಲ್ಲಿ ಕೂರಿಸಿದ್ದಾರೆ.

ಇದನ್ನು ಓದುವಾಗ ಮಂಜೇಶ್ವರದ ನೆನಪಾಗದೆ ಇರಲಿಲ್ಲ. ಬಹುಭಾಷಾ ಪಂಡಿತರಾಗಿದ್ದ ಗೋವಿಂದ ಪೈಗಳು ತಮ್ಮ ಮನೆಯಲ್ಲಿ ಕಟ್ಟಿದ ಗ್ರಂಥಭಂಡಾರ ಈ ಸೀಮೆಗೆ ದೊಡ್ಡದು. 1956ರಲ್ಲಿ ಅವರ ಊರು ಕೇರಳಕ್ಕೆ ಸೇರಿತು, 1963ರಲ್ಲಿ ಅವರು ತೀರಿಕೊಂಡರು, ಅವರ ಪುಸ್ತಕಗಳು ಉಡುಪಿಯ ಕಾಲೇಜಿನ ಆಶ್ರಯಕ್ಕೆ ಹೋದವು. ಅಲ್ಲಿ ಅವು ಕ್ಷೇಮವಾಗಿವೆ, ಸಂಶೋಧಕರಿಗೆ ದೊರೆಯುತ್ತಿವೆ; ಅದಕ್ಕೆ ನಾವು ಕೃತಜ್ಞರು. ಮನೆಯೂ ಈಗ ‘ಗಿಳಿವಿಂಡು’ ಎಂಬ ಹೆಸರಿನ ಸ್ಮಾರಕವಾಗಿ ನಿಂತಿದೆ. ಆದರೂ ವಿದ್ವಾಂಸನ ಕೋಣೆ ಗಡಿಯ ಒಂದು ಬದಿಗೆ, ಅವನ ಪುಸ್ತಕ ಇನ್ನೊಂದು ಬದಿಗೆ ಎಂಬುದು ಗುಬ್ಬಿಯೋದವರಿಗೆ ಮಾತ್ರ ಆದ ಅನುಭವವಲ್ಲ.

ಸ್ತೂದಿಯೋಲೊ ಅರಸರ ಸೊತ್ತಾಗಿಯೇ ಉಳಿಯಲಿಲ್ಲ. ಮಾಂತುವಾದ ಇಸಾಬೆಲ್ಲಾ ದೆಸ್ತೆ 1490ರ ದಶಕದಲ್ಲಿ ತನಗೊಂದು ಸ್ತೂದಿಯೋಲೊ ಮಾಡಿಸಿ, ಮಾಂತೇನ್ಯನಂಥ ಚಿತ್ರಕಾರನಿಂದ ಅದಕ್ಕೆ ಚಿತ್ರ ಬರೆಸಿದಳು. ಹೆಣ್ಣೊಬ್ಬಳು ತನ್ನ ಹೆಸರಿನ ಓದುಕೋಣೆಯನ್ನು ಹೊಂದುವುದು ಅಂದು ಅಪರೂಪ. ಇನ್ನೊಂದು ಕಡೆ, ಅಧಿಕಾರ ಕಳೆದುಕೊಂಡು ಹಳ್ಳಿ ಸೇರಿದ ಮಾಕಿಯವೆಲ್ಲಿ 1513ರ ಡಿಸೆಂಬರ್ 10ರಂದು ಗೆಳೆಯನಿಗೆ ಬರೆದ ಪತ್ರವಿದೆ. ಹಗಲೆಲ್ಲ ತೋಟ, ಹೋಟೆಲು, ಜೂಜಿನ ಜಗಳ. ಸಂಜೆ ಮನೆಗೆ ಬಂದು ಕೆಸರಿನ ಬಟ್ಟೆಯನ್ನು ಬಾಗಿಲಲ್ಲೇ ಕಳಚಿ, ಆಸ್ಥಾನಕ್ಕೆ ತಕ್ಕ ಉಡುಪು ತೊಟ್ಟು ಓದುಕೋಣೆಗೆ ಹೋಗಿ, ನಾಲ್ಕು ತಾಸು ಪ್ರಾಚೀನರೊಂದಿಗೆ ಮಾತನಾಡುತ್ತೇನೆಂದು ಅವನು ಹೇಳುತ್ತಾನೆ. ಅಡಿಕೆ ತೋಟದಿಂದ ಬಂದು ಕೈಕಾಲು ತೊಳೆದು ಶೇಣಿಯವರ ತಾಳಮದ್ದಳೆಯ ಅರ್ಥ ಕೇಳಲು ಹೊರಡುತ್ತಿದ್ದ ನಮ್ಮ ಹಿರಿಯರು ಈ ಪತ್ರವನ್ನು ಓದಿರಲಾರರು, ಆದರೆ ಮಡಿ ಬಟ್ಟೆಯ ಅಗತ್ಯ ಅವರಿಗೆ ತಿಳಿದಿತ್ತು.

ಆಂತೊನೆಲ್ಲೊನ ಚಿತ್ರದ ದಾರಿಯೂ ಸ್ವಾರಸ್ಯಕರ. 1529ರಲ್ಲಿ ಮಾರ್ಕಾಂತೊನಿಯೊ ಮಿಕಿಯೆಲ್ ಎಂಬ ಕಲಾಸಕ್ತ ಇದನ್ನು ವೆನಿಸ್ಸಿನ ಒಂದು ಮನೆಯಲ್ಲಿ ಕಂಡು, ಬರೆದವರು ಆಂತೊನೆಲ್ಲೊ ಎಂದು ಕೆಲವರೂ, ಯಾನ್ ವಾನ್ ಐಕ್ ಅಥವಾ ಮೆಮ್ಲಿಂಗ್ ಎಂದು ಕೆಲವರೂ ಹೇಳುತ್ತಾರೆಂದು ಟಿಪ್ಪಣಿ ಮಾಡಿದ. ಅಷ್ಟು ಸೂಕ್ಷ್ಮವಾದ ತೈಲವರ್ಣದ ಕೆಲಸ ಉತ್ತರದ ಫ್ಲಾಂಡರ್ಸಿನವರಿಗೇ ಸಾಧ್ಯವೆಂದು ಜನ ನಂಬಿದ್ದರು. 1894ರಲ್ಲಿ ನ್ಯಾಷನಲ್ ಗ್ಯಾಲರಿ ಇದನ್ನು ಕೊಂಡದ್ದು ನಾರ್ತ್‌ಬ್ರೂಕ್ ಪ್ರಭುವಿನಿಂದ. 1872ರಿಂದ 1876ರವರೆಗೆ ಭಾರತದ ವೈಸರಾಯ್ ಆಗಿದ್ದವನೂ ಅವನೇ.

ಈ ಚಿತ್ರದಿಂದ ನಿಜವಾದ ಸ್ಥಳಗಳನ್ನು ಕಲ್ಪಿಸಿದವರು ನಮಗಿಂತ ಮೊದಲೇ ಇದ್ದಾರೆ. ಜೆರೋಮನ ಮರುಭೂಮಿ ಮತ್ತು ಜೆರೋಮನ ಓದುಕೋಣೆ ಎಂಬ ಎರಡು ಚಿತ್ರಪರಂಪರೆಗಳನ್ನು ಮುಂದಿಟ್ಟುಕೊಂಡು, ಮನುಷ್ಯನಿಗೆ ಬೇಕಾದ ಏಕಾಂತದ ಎರಡು ಬಗೆಗಳನ್ನು ಕುರಿತು ಇಂಗ್ಲೆಂಡಿನ ವಾಸ್ತುಶಿಲ್ಪಿ ಆಲಿಸನ್ ಸ್ಮಿತ್‌ಸನ್ ತಮ್ಮ ಕಡೆಯ ವರ್ಷಗಳಲ್ಲಿ ಬರೆದರು. ಫ್ರೆಂಚ್ ಲೇಖಕ ಜಾರ್ಜ್ ಪೆರೆಕ್ 1974ರ ತನ್ನ ಪುಸ್ತಕವೊಂದರಲ್ಲಿ ಈ ಚಿತ್ರಕ್ಕೆ ಪುಟಗಳನ್ನು ಮೀಸಲಿಟ್ಟ. ಕೋಣೆಯೆಂದು ನಾವು ತಿಳಿಯುವುದು ವಾಸ್ತವದಲ್ಲಿ ಒಂದು ಪೀಠೋಪಕರಣ ಎಂಬುದನ್ನು ಅವನು ಗುರುತಿಸಿದ್ದ. 2015ರಲ್ಲಿ ಕೆನಡಾದ ಕಲಾವಿದರಾದ ಜಾನೆಟ್ ಕಾರ್ಡಿಫ್ ಮತ್ತು ಜಾರ್ಜ್ ಬ್ಯೂರ್ಸ್ ಮಿಲ್ಲರ್ ಅದೇ ಗ್ಯಾಲರಿಯಲ್ಲಿ ಚಿತ್ರವನ್ನು ಮೂರು ಆಯಾಮದ ಮಾದರಿಯಾಗಿ ಕಟ್ಟಿ, ಬೆಳಕು ಮತ್ತು ಧ್ವನಿಗಳಿಂದ ತುಂಬಿದರು. ಅಹಮದಾಬಾದಿನ ಭಾರತೀಯ ನಿರ್ವಹಣಾ ಸಂಸ್ಥೆಯನ್ನು ರೂಪಿಸಿದ ಲೂಯಿ ಕಾನ್ ಅಮೆರಿಕದ ಎಕ್ಸೆಟರ್ ಶಾಲೆಗೆ ಕಟ್ಟಿದ ಗ್ರಂಥಾಲಯದಲ್ಲಿ ಇಟ್ಟಿಗೆಗೋಡೆಯ ಅಂಚಿನಲ್ಲಿ ಕಿಟಕಿಗೊಂದು ಮರದ ಓದುಗೂಡು ಇದೆ. ಓದುವವನು ಬೇಕೆಂದಾಗ ಸರಿಸುವಂತೆ ಚಿಕ್ಕ ಕಿಟಕಿಬಾಗಿಲೂ ಇದೆ. ಅದನ್ನು ಆಂತೊನೆಲ್ಲೊನ ಮೊಮ್ಮಗನೆನ್ನುವುದು ನಮ್ಮ ಸಲುಗೆ.

ಪೆರೆಕ್ ಗುರುತಿಸಿದ ಸಂಗತಿಯೇ ನಮ್ಮ ವಾದವನ್ನು ತೀರ್ಮಾನಿಸಿತು. ಸಮಿತಿಯಲ್ಲಿ ಎರಡು ಪಂಗಡಗಳಿದ್ದವು. ವಾಚನಾಲಯವೆಂದರೆ ಪ್ರತ್ಯೇಕ ಕೋಣೆ, ಬಾಗಿಲು, ಬೀಗ ಎಂದು ಒಂದು ಪಂಗಡ. ಬೀಗದ ಫಲವನ್ನು ಉಂಡವರು ಇನ್ನೊಂದು ಪಂಗಡ. ನಮ್ಮ ಹಳೆಯ ಗ್ರಂಥಾಲಯಕ್ಕೆ ಬೀಗವಿತ್ತು, ಬೀಗದ ಕೈ ಒಬ್ಬರಲ್ಲಿತ್ತು, ಅವರು ಊರಲ್ಲಿರಲಿಲ್ಲ. ಒಂದು ಮಳೆಗಾಲ ಕಳೆದು ಬಾಗಿಲು ತೆರೆದಾಗ ಎರಡು ಕಪಾಟು ಪುಸ್ತಕಗಳು ಗೆದ್ದಲಿನ ಮಣ್ಣಾಗಿದ್ದವು. ಕೈಬರಹದ ಯಕ್ಷಗಾನ ಪ್ರಸಂಗಗಳ ಕಟ್ಟು ಅದರಲ್ಲಿತ್ತು; ಅವುಗಳಲ್ಲಿ ಮೂರಕ್ಕೆ ಬೇರೆ ಪ್ರತಿಯಿದೆಯೆಂದು ನಾವು ಈವರೆಗೆ ಕಂಡಿಲ್ಲ. ತಪ್ಪು ಬೀಗದ ಕೈ ಹಿಡಿದವರದು ಮಾತ್ರವಲ್ಲ, ಆರು ತಿಂಗಳು ಆ ಬಾಗಿಲನ್ನು ತಟ್ಟದ ನಮ್ಮೆಲ್ಲರದು.

ಆಂತೊನೆಲ್ಲೊನ ಜೆರೋಮನಿಗೆ ಬಾಗಿಲಿಲ್ಲ. ಅವನು ದೊಡ್ಡ ಸಭಾಮಂಟಪದ ನಡುವೆ ಎಲ್ಲರಿಗೂ ಕಾಣುವಂತೆ ಕುಳಿತಿದ್ದಾನೆ. ಆದರೂ ಅವನ ಏಕಾಂತಕ್ಕೆ ಭಂಗವಿಲ್ಲ. ಮೂರು ಮೆಟ್ಟಿಲು, ಬೆನ್ನಿಗೆ ಗೂಡುಗಳ ಮರೆ, ಕಳಚಿದ ಪಾದರಕ್ಷೆ, ಇಷ್ಟೇ ಅವನ ಗೋಡೆ. ಸಭಾಂಗಣದೊಳಗೆ ಒಂದು ಓದುಕಟ್ಟೆ ಮಾಡಿದರೆ ಕೋಣೆಯ ಖರ್ಚು ಉಳಿಯುತ್ತದೆ, ತಾಳಮದ್ದಳೆಗೆ ಬಂದವರ ಕಣ್ಣಿಗೂ ಪುಸ್ತಕ ಬೀಳುತ್ತದೆ, ಗೆದ್ದಲು ಬಂದರೆ ಅದೇ ವಾರ ಗೊತ್ತಾಗುತ್ತದೆ. ಗಲಾಟೆಯಲ್ಲಿ ಯಾರು ಓದುತ್ತಾರೆ ಎಂಬ ಪ್ರಶ್ನೆಗೆ ಉತ್ತರವಾಗಿ ಚೆಂಡೆಯ ಅಭ್ಯಾಸದ ಹೊತ್ತನ್ನು ರಾತ್ರಿ ಎಂಟರ ನಂತರಕ್ಕೆ ಬದಲಿಸಲಾಯಿತು. ಭಾಗವತರು ಅದನ್ನು ಒಪ್ಪಲು ಎರಡು ಸಭೆಗಳು ಬೇಕಾದವು.

ಚಿತ್ರವನ್ನು ಹಾಗೆಯೇ ನಕಲು ಮಾಡಲು ನಮ್ಮ ಹವೆ ಬಿಡುವುದಿಲ್ಲ. ಕಲ್ಲುನೆಲದ ಚಳಿಯಿಂದ ದೂರವಿರಲು ಇಟಲಿಯವರಿಗೆ ಮರದ ಕಟ್ಟೆ ಬೇಕಾಗಿತ್ತು. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಮಗೆ ಅದು ಬೇಕಾದದ್ದು ನೆಲದ ತೇವದಿಂದ ಪಾರಾಗಲು. ಕಟ್ಟೆಯ ಎತ್ತರ 18 ಇಂಚು, ಮೆಟ್ಟಿಲಿಗೆ 6 ಇಂಚಿನಂತೆ ಮೂರು. ಚಿತ್ರದ ಕಟ್ಟೆಗೆ ಇಲ್ಲದ ಒಂದು ಕೈಪಿಡಿಕಂಬಿಯನ್ನು ಮೊಣಕಾಲು ನೋವಿನ ಹಿರಿಯರಿಗಾಗಿ ಸೇರಿಸಿದ್ದೇವೆ. ಮರ ಹಲಸಿನದು. ಕೆಳಗೆ ಗಾಳಿಯಾಡಲು ತೆರಪು ಬಿಟ್ಟು, ಕಾಲುಗಳನ್ನು ಕಗ್ಗಲ್ಲಿನ ತುಂಡುಗಳ ಮೇಲೆ ನಿಲ್ಲಿಸಿದೆ. ಪುಸ್ತಕದ ಗೂಡುಗಳು ಮುರಕಲ್ಲಿನ ಗೋಡೆಗೆ ತಾಗುವುದಿಲ್ಲ. ನಡುವೆ ಒಂದು ಗೇಣು ಜಾಗವಿದೆ. ಮಳೆ ಪಡುವಣದಿಂದ ಬರುವುದರಿಂದ ಆ ಬದಿಯ ಕಿಟಕಿಯನ್ನು ಮುಚ್ಚಿ, ಮೂಡಣದಲ್ಲಿ ಅಗಲವಾದದ್ದೊಂದನ್ನು ತೆರೆಯಲಾಯಿತು. ಓರೆಮೇಜು ಮಾಡುವಾಗ ಬಡಗಿಗೆ ವಿವರಿಸಬೇಕಾಗಲಿಲ್ಲ. ತನ್ನ ಅಜ್ಜನ ಮನೆಯ ರಾಮಾಯಣದ ವ್ಯಾಸಪೀಠದ ಲೆಕ್ಕವನ್ನೇ ದೊಡ್ಡದು ಮಾಡುತ್ತೇನೆಂದ.

ಒಂದು ಬದಲಾವಣೆಯನ್ನು ಮಾತ್ರ ನಾವು ಬೇಕೆಂದೇ ಮಾಡಿದೆವು. ಚಿತ್ರದಲ್ಲಿ ಕುರ್ಚಿ ಒಂದೇ. ನಮ್ಮ ಕಟ್ಟೆಯಲ್ಲಿ ಎದುರುಬದಿರಾಗಿ ಎರಡು ಆಸನಗಳಿವೆ, ನಡುವೆ ಎರಡು ಗ್ರಂಥಗಳನ್ನು ಅಕ್ಕಪಕ್ಕ ತೆರೆದಿಡುವಷ್ಟು ಅಗಲದ ಮೇಜು. ಮಲಯಾಳ ಮಾಧ್ಯಮದಲ್ಲಿ ಕಲಿತ ಮಕ್ಕಳಿಗೆ ಕನ್ನಡ ಅಕ್ಷರ ಹೇಳಿಕೊಡುವ ನಿವೃತ್ತ ಅಧ್ಯಾಪಕಿಯೊಬ್ಬರು ಇದನ್ನು ಕೇಳಿ ಪಡೆದರು. ಪೌಲಾಳ ಕಥೆಯನ್ನು ಅವರಿಗೆ ನಾವು ಆಮೇಲೆ ಹೇಳಿದೆವು.

ಹುಳುಗಳಿಂದ ಉಳಿದ ಪುಸ್ತಕಗಳನ್ನು ಬಿಸಿಲಿಗೆ ಹಾಕಿ ಒರೆಸಿ ಗೂಡಿಗೇರಿಸುವ ಕೆಲಸ ಈ ಲೇಖನ ಅಚ್ಚಿಗೆ ಹೋಗುವ ಹೊತ್ತಿಗೆ ನಡೆಯುತ್ತಿದೆ. ಸಮ್ಮೇಳನದ ಮೊದಲ ದಿನದಿಂದ ಓದುಕಟ್ಟೆ ತೆರೆದಿರುತ್ತದೆ. ಅದು ಸಭಾಂಗಣದ ಮೂಡುಬದಿಯಲ್ಲಿದೆ, ಬೀಗವಿಲ್ಲ. ಹತ್ತುವವರು ಪಾದರಕ್ಷೆಗಳನ್ನು ಮೆಟ್ಟಿಲ ಬಳಿ ಬಿಡಬೇಕು.